ಷೋಕೇಸಿನಲ್ಲಿ ಉಳಿದ ಪಟ

ಮುಚ್ಚಿಹೋದ ಟಾಕೀಸೊಂದರಲ್ಲಿ ನಟ ಮಕರಂದನ ಹಳೆಯ ಪ್ರಚಾರದ ಪಟಗಳನ್ನು ಕೂಡಿಹಾಕುವ ಇಲಿಯೊಂದಿತ್ತು. ಬಾಗಿಲ ಬಳಿಯ ಷೋಕೇಸಿನಿಂದ ಒಂದೊಂದನ್ನೇ ಎಳೆದು ತಂದು ಬಿಲದಲ್ಲಿ ಒಟ್ಟಿತ್ತು. ಈಗ ಅಲ್ಲಿ ಉಳಿದದ್ದು ಒಂದೇ ಪಟ. ಅದೂ ಸಿಕ್ಕಿದರೆ ಸಂಗ್ರಹ ಪೂರ್ತಿ ಎಂಬ ಆಸೆಯಿಂದ ಇಲಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಆ ಪಟದ ಹಿಂದೆ ಹಲ್ಲಿಯೊಂದು ಸಂಸಾರ ಹೂಡಿತ್ತು.

“ಪಟ ಬಿಟ್ಟುಕೊಡಿ, ಹಲ್ಲಿಯಮ್ಮ” ಎಂದಿತು ಇಲಿ.

“ಇದರ ಬೆನ್ನಿಗೆ ನನ್ನ ಮೊಟ್ಟೆಗಳು ಅಂಟಿಕೊಂಡಿವೆ. ಎಳೆದರೆ ಒಡೆಯುತ್ತವೆ. ಮರಿಗಳಾಗಲಿ, ಆಮೇಲೆ ನಿಮ್ಮದೇ.”

ಮೊಟ್ಟೆ ಒಡೆಯುವಷ್ಟು ಕಲ್ಲುಮನಸ್ಸು ಇಲಿಗಿರಲಿಲ್ಲ. ಬಿಟ್ಟುಹೋದರೆ ಬೇರೆ ಯಾರಾದರೂ ಹೊತ್ತೊಯ್ದಾರು ಎಂದು ಎದುರಿಗೇ ಕಾವಲು ಕೂತಿತು. ಬೇರೆ ಕೆಲಸವಿಲ್ಲದೆ, ಮೊದಲ ಸಲ ಒಂದು ಪಟವನ್ನು ಕಣ್ಣಿಟ್ಟು ನೋಡಿತು. ಮಕರಂದ ಹೊಸ್ತಿಲಲ್ಲಿ ನಿಂತಿದ್ದ. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

“ಯಾರನ್ನು ನೋಡುತ್ತಿದ್ದಾನೆ ಇವನು?”

“ತಾಯಿಯನ್ನು. ಪಕ್ಕದ ಪಟದಲ್ಲಿ ಅವಳು ಇವನ ತಲೆ ನೇವರಿಸುತ್ತಿದ್ದಳು. ಜನ ಇದನ್ನು ನೋಡಿ, ಅದನ್ನು ನೋಡಿ, ಆಮೇಲೆ ಟಿಕೆಟ್ಟಿಗೆ ನಿಲ್ಲುತ್ತಿದ್ದರು.”

“ಆ ಪಟ ಎಲ್ಲಿ ಹೋಯಿತು?”

“ನನ್ನನ್ನು ಕೇಳುತ್ತೀರಲ್ಲ ಸ್ವಾಮಿ” ಎಂದಿತು ಹಲ್ಲಿ. “ನಿಮ್ಮ ಬಿಲದಲ್ಲಿ ಯಾವುದರ ಅಡಿಗೆ ಬಿದ್ದಿದೆಯೋ, ನೀವೇ ಹುಡುಕಿಕೊಳ್ಳಿ.”

ಇಲಿ ಬಿಲಕ್ಕೆ ಹೋಯಿತು. ಸಂಜೆಗೆ ಹಿಂದುಹಿಂದಕ್ಕೆ ನಡೆಯುತ್ತ ಒಂದು ಪಟ ಎಳೆದುಕೊಂಡು ಬಂತು.

“ಮರಿಗಳಿನ್ನೂ ಹೊರಬಂದಿಲ್ಲ” ಎಂದಿತು ಹಲ್ಲಿ.

“ಅವಸರವಿಲ್ಲ. ಇದರ ಆ ತುದಿ ಸ್ವಲ್ಪ ಹಿಡಿದುಕೊಳ್ಳಿ, ಹಲ್ಲಿಯಮ್ಮ. ಇವನ ಪಕ್ಕಕ್ಕೇ ನಿಲ್ಲಿಸಬೇಕು.”