ಮುಂದೆ ಎಂಬ ಜಾಗ

ಕೂರುವುದರಲ್ಲಿ ಶಂಭುಲಿಂಗನನ್ನು ಮೀರಿಸುವವರು ಆಶ್ರಮದಲ್ಲಿ ಇರಲಿಲ್ಲ.

ಬೆಳಿಗ್ಗೆ ಪದ್ಮಾಸನ ಹಾಕಿದನೆಂದರೆ ಬಿಸಿಲು ಬಂದರೂ ಅಲುಗುತ್ತಿರಲಿಲ್ಲ, ಇರುವೆ ಹತ್ತಿದರೂ ಅಲುಗುತ್ತಿರಲಿಲ್ಲ. ಊಟದ ಗಂಟೆ ಹೊಡೆದರೂ, ಎರಡನೆಯ ಸಲ ಹೊಡೆಯುವವರೆಗೆ ಅಲುಗುತ್ತಿರಲಿಲ್ಲ. ಹೊರಗಿನಿಂದ ಬಂದ ಭಕ್ತರಿಗೆ ಅವನನ್ನು ತೋರಿಸುವ ಪದ್ಧತಿಯೂ ಇತ್ತು.

ಆಶ್ರಮ ಕಟ್ಟಿದಾಗ ಸುತ್ತ ಪೊದೆ, ಎದುರಿಗೆ ಹೊಳೆ. ಆಮೇಲೆ ನಗರ ಬಂತು. ಹೊಳೆ ಕಿರಿದಾಯಿತು. ಈಗ ಬಾಗಿಲೆದುರು ಸಿಟಿ ಬಸ್ಸು ತಿರುಗುತ್ತದೆ.

ಬಾಗಿಲ ಪಕ್ಕ, ಬೀದಿ ಕಡೆಗೆ, ಒಂದು ಕಲ್ಲುಕಟ್ಟೆ. ಮೂವರು ಆರಾಮವಾಗಿ ಕೂರಬಹುದು. ಒಬ್ಬರು ಪದ್ಮಾಸನ ಹಾಕಿದರೆ ಇಬ್ಬರು.

ಅವತ್ತು ಬಾಗಿಲು ಕಾಯುವ ಸರದಿ ಶಂಭುಲಿಂಗನದು. ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿದ್ದ.

ಒಬ್ಬ ಮುದುಕಿ ಬಂದು ನಿಂತಳು. ಹೆಸರು ದ್ಯಾವಮ್ಮ. ಕೈಯಲ್ಲಿ ಒಂದು ಬಟ್ಟೆಗಂಟು. ಬಲಗಾಲು ಊದಿಕೊಂಡು ಚಪ್ಪಲಿಯಿಂದ ಹೊರಗೆ ಬಂದಿತ್ತು.

"ಸಾಮಿ, ಒಸಿ ಕುಂತ್ಕತೀನಿ."

ಶಂಭುಲಿಂಗ ಕಣ್ಣು ತೆರೆಯಲಿಲ್ಲ. "ಮುಂದೆ ಹೋಗಮ್ಮ," ಎಂದ.

ಸ್ವಲ್ಪ ಹೊತ್ತಿನ ಮೇಲೆ ಗುರುಗಳು ಬಾಗಿಲಿಗೆ ಬಂದರು.

"ಯಾರೋ ಬಂದಿದ್ದರಲ್ಲ, ಶಂಭು?"

"ಯಾರೂ ಇಲ್ಲ ಗುರುಗಳೇ. ಭಿಕ್ಷುಕಿ."

"ಏನು ಹೇಳಿ ಕಳಿಸಿದೆ?"

"ಮುಂದೆ ಹೋಗು ಅಂದೆ."

"ಮುಂದೆ ಏನಿದೆ?"

ಇದು ಪರೀಕ್ಷೆ ಎಂದು ಶಂಭುಲಿಂಗನಿಗೆ ಅನಿಸಿತು. ಬೆನ್ನು ನೆಟ್ಟಗೆ ಮಾಡಿದ. "ಮುಂದೆ ಎಂಬುದು ಮಾಯೆ, ಗುರುಗಳೇ. ಇರುವುದು ಈ ಕ್ಷಣ ಒಂದೇ."

"ಹಾಗಾದರೆ ಆ ಊದಿದ ಕಾಲಿನ ಹೆಂಗಸನ್ನು ಮಾಯೆಗೆ ಕಳಿಸಿದೆ."

ಶಂಭುಲಿಂಗ ಕಣ್ಣು ತೆರೆದ.

"ಎದ್ದೇಳು," ಎಂದರು ಗುರುಗಳು. "ಆಕೆಯ ಜೊತೆ ಹೋಗು. ಆಕೆಯನ್ನು ಎಲ್ಲಿ ಕೂರಿಸುತ್ತಾರೋ ನೋಡಿ ಬಂದು ಹೇಳು. ಆಕೆ ಕೂರುವ ತನಕ ನೀನೂ ಕೂರಬೇಡ."

ಶಂಭುಲಿಂಗ ಓಡಿದ.

ದ್ಯಾವಮ್ಮ ಬಹಳ ದೂರ ಹೋಗಿರಲಿಲ್ಲ. ಪಕ್ಕದ ಜವಳಿ ಅಂಗಡಿಯ ಮೆಟ್ಟಿಲ ಬಳಿ ನಿಂತಿದ್ದಳು. ಅಂಗಡಿಯವರು ಆಗ ತಾನೇ ಊದುಬತ್ತಿ ಹಚ್ಚಿದ್ದರು.

"ಬೋಣಿ ಆಗಿಲ್ಲಮ್ಮ ಇನ್ನೂ. ಮುಂದೆ ಹೋಗು, ಮುಂದೆ ಹೋಗು." ಅಷ್ಟರಲ್ಲಿ ಕಾವಿ ಬಟ್ಟೆ ಅವರ ಕಣ್ಣಿಗೆ ಬಿತ್ತು. "ಓಹೋ, ಸ್ವಾಮಿಗಳು! ಬನ್ನಿ ಬನ್ನಿ. ನೀವು ಬಂದ್ರೆ ಬೋಣಿ ಆದ ಹಾಗೇನೆ. ಕುರ್ಚಿ ತಗೊಂಡ್ ಬಾರೋ!"

ಕುರ್ಚಿ ಬಂತು. ಶಂಭುಲಿಂಗ ಕೂರಲಿಲ್ಲ.

"ಯಜಮಾನರೇ, ಒಂದು ಮಾತು. ಮುಂದೆ ಅಂದರೆ ಎಲ್ಲಿಗೆ?"

"ಏನು ಸ್ವಾಮಿ?"

"ಈಕೆಗೆ ಮುಂದೆ ಹೋಗು ಅಂದಿರಲ್ಲ. ಎಲ್ಲಿಗೆ ಹೋಗಬೇಕು?"

ಯಜಮಾನರು ಯೋಚಿಸಿದರು. ಯಾರೂ ಇದುವರೆಗೆ ಕೇಳಿರಲಿಲ್ಲ. ಕೊನೆಗೆ ಅಂಗಡಿಯ ತುದಿಗಿದ್ದ ಹಸಿರು ಬಣ್ಣದ ಕಂಬ ತೋರಿಸಿದರು.

"ನೋಡಿ, ನಮ್ಮ ಅಂಗಡಿ ಆ ಕಂಬಕ್ಕೆ ಮುಗೀತದೆ. ಅಲ್ಲಿಂದ ಆಚೆ ಎಲ್ಲಾ ಮುಂದೇನೇ."

ದ್ಯಾವಮ್ಮ ಕುರ್ಚಿಯನ್ನೂ ಕಾವಿಯನ್ನೂ ನೋಡಿದಳು. "ಯಜಮಾನ್ರೇ, ಈ ಬಣ್ಣದ ಸೀರೆ ಅದಾ ನಿಮ್ಮಲ್ಲಿ?"

"ಹೋಗಮ್ಮ ಸುಮ್ನೆ!"

ಕಂಬ ದಾಟಿದ ಮೇಲೆ ಅವಳು ನಿಂತಳು.

"ಯಾಕ್ ಸಾಮಿ ನನ್ ಹಿಂದೆ ಬತ್ತಾ ಇದ್ದೀ?"

"ಗುರುಗಳ ಅಪ್ಪಣೆ. ನೀನು ಎಲ್ಲಿ ಕೂರುತ್ತೀಯೋ ನೋಡಬೇಕು."

"ನಿಮ್ ಕಟ್ಟೆ ಮ್ಯಾಲೆ ಕುಂತ್ಕತೀನಿ. ನೋಡು."

"ಅದಲ್ಲ. ಮುಂದೆ."

"ಸರಿ ಬಿಡು," ಎಂದಳು ದ್ಯಾವಮ್ಮ. ಕಾವಿಯವರ ಜೊತೆ ವಾದ ಮಾಡುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು.

ಬಡಾವಣೆಯ ಒಂದು ಮನೆಯ ಗೇಟಿಗೆ ನೆರಳಿತ್ತು. ದ್ಯಾವಮ್ಮ ಕಂಬಿ ಹಿಡಿದು ಬಗ್ಗುವಷ್ಟರಲ್ಲಿ ಮೇಲಿನಿಂದ ಮನೆಯಾಕೆಯ ದನಿ ಬಂತು.

"ಗೇಟ್ ಹತ್ರ ಕೂರ್ಬೇಡ! ದುಡಿದು ತಿನ್ನೋಕೆ ಏನಾಗಿದೆ ನಿನಗೆ?"

"ಕೊಡವ್ವ ಕೆಲಸ. ಸೊಪ್ಪು ಬಿಡಿಸ್ತೀನಿ, ಅಕ್ಕಿ ಆರಿಸ್ತೀನಿ. ಕುಂತ್ಕಂಡು ಮಾಡೋ ಕೆಲಸ ಏನಿದ್ರೂ ಮಾಡ್ತೀನಿ."



"ನಮ್ಮನೇಲಿ ಇದ್ದಾಳೆ ಕೆಲಸದವಳು. ಮುಂದೆ ಕೇಳು."

ಆಮೇಲೆ ಆಕೆ ಕೆಳಗಿಳಿದು ಬಂದು ಶಂಭುಲಿಂಗನ ಜೋಳಿಗೆಗೆ ಎರಡು ಬಾಳೆಹಣ್ಣು ಹಾಕಿ ಕೈ ಮುಗಿದಳು. ದುಡಿದು ತಿನ್ನಲು ಅವನಿಗೇನಾಗಿದೆ ಎಂದು ಕೇಳಲಿಲ್ಲ.

ಅವನು ಹಣ್ಣು ದ್ಯಾವಮ್ಮನಿಗೆ ಕೊಟ್ಟ. ಅವಳು ನಿಂತೇ ತಿಂದಳು.

ಟೀ ಅಂಗಡಿಯ ಮುಂದೆ ಬೆಂಚಿತ್ತು. ಬೆಂಚಿನ ತುಂಬ ಜನ. ಶಂಭುಲಿಂಗನನ್ನು ಕಂಡದ್ದೇ ತುದಿಯವನು ಉಳಿದವರನ್ನು ಮೊಣಕೈಯಿಂದ ತಳ್ಳಿದ.

"ಏಯ್, ಸ್ವಾಮಿಗಳು ಬಂದ್ರು. ಜರುಗ್ರೋ, ಜರುಗ್ರೋ."

ಎಲ್ಲರೂ ಜರುಗಿದರು. ಇಷ್ಟು ಹೊತ್ತು ಇಲ್ಲದಿದ್ದ ಜಾಗ ಈಗ ಇತ್ತು.

"ಕೂತ್ಕೊ ಸಾಮಿ," ಎಂದಳು ದ್ಯಾವಮ್ಮ. "ಪಾಪ, ಜಾಗ ಮಾಡವ್ರೆ."

"ನೀನು ಕೂರದೆ ನಾನು ಕೂರುವ ಹಾಗಿಲ್ಲ."

"ಹಂಗಾ? ಹಂಗಾದ್ರೆ ನಾನೇ ಕುಂತ್ಕತೀನಿ."

ಅವಳು ಒಂದು ಹೆಜ್ಜೆ ಇಟ್ಟಳು. ಬೆಂಚು ಮತ್ತೆ ತುಂಬಿತು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಎಲ್ಲರೂ ಟೀ ಲೋಟದೊಳಗೆ ನೋಡುತ್ತಿದ್ದರು.

"ದೇವಸ್ಥಾನದ ಹತ್ರ ಹೋಗಜ್ಜಿ," ಎಂದ ಅಂಗಡಿಯವನು. "ಮುಂದೇನೇ ಇದೆ. ಅಲ್ಲಿ ನಿಮ್ಮೋರೆಲ್ಲ ಇರ್ತಾರೆ."

ದೇವಸ್ಥಾನದ ಗೋಡೆ ಬುಡ ಬಂದಾಗ ದ್ಯಾವಮ್ಮನ ನಡಿಗೆ ಚುರುಕಾಯಿತು. ಅವಳದೇ ಒಂದು ಜಾಗ ಅಲ್ಲಿತ್ತು. ಹೋಗಿ ನೋಡಿದರೆ ಗೋಡೆಯುದ್ದಕ್ಕೂ ಹೂವಿನ ಕುಂಡ ಇಟ್ಟಿದ್ದರು. ಎರಡು ಕುಂಡಗಳ ನಡುವೆ ಒಂದು ಕಾಲು ಇಡುವಷ್ಟು ಸಂದು. ಆ ಸಂದಿನಲ್ಲಿ ಒಬ್ಬ ಕುಂಟ ಗೋಡೆಗೊರಗಿ ನಿಂತಿದ್ದ.

"ಏಯ್! ಅದು ನನ್ ಜಾಗ. ಮುಂದೆ ಹೋಗು!"

"ನಿನ್ ಜಾಗ ಎಲ್ಲದೆ ಮುದುಕಿ? ಈಗ ಕುಂಡದ್ ಜಾಗ."

"ಹೋಗಲೋ ಮುಂದೆ!"

ಕುಂಟ ಗೊಣಗುತ್ತ ಮುಂದೆ ಹೋದ. ದ್ಯಾವಮ್ಮ ಸಂದಿನಲ್ಲಿ ನಿಂತಳು. ಕೂರಲು ನೋಡಿದಳು, ಆಗಲಿಲ್ಲ.

ಶಂಭುಲಿಂಗನಿಗೆ ಅವತ್ತು ಮೊದಲ ಸಲ ಸಮಾಧಾನವಾಯಿತು. ಅವಳೂ ಒಬ್ಬನನ್ನು ಮುಂದೆ ಕಳಿಸಿದ್ದನ್ನು ಗುರುಗಳಿಗೆ ಹೇಳಲೇಬೇಕೆಂದು ಗುರುತು ಇಟ್ಟುಕೊಂಡ.

"ಚೆನ್ನಾಗವೆ ಹೂವು," ಎಂದಳು ದ್ಯಾವಮ್ಮ, ಮತ್ತೆ ನಡೆಯುತ್ತ.

ಪಾರ್ಕಿನಲ್ಲಿ ಬೇಕಾದಷ್ಟು ಬೆಂಚುಗಳಿದ್ದವು. ಒಂದೊಂದರ ಮೇಲೂ ತೀರಿಕೊಂಡ ಒಬ್ಬೊಬ್ಬ ಹಿರಿಯರ ಹೆಸರು ಕೆತ್ತಿತ್ತು. ಬದುಕಿರುವವರಿಗೆ ಸಂಜೆ ನಾಲ್ಕರ ಮೇಲೆ ಪ್ರವೇಶ.

ಗೇಟಿನ ಹೊರಗೆ, ಬಿಳಿ ಬೂಟು ಹಾಕಿದ ನಿವೃತ್ತರೊಬ್ಬರು ನಾಲ್ಕಾಗುವುದನ್ನು ಕಾಯುತ್ತಿದ್ದರು. ಅವರು ಶಂಭುಲಿಂಗನನ್ನು ಪಕ್ಕಕ್ಕೆ ಕರೆದರು, ಆದರೆ ದನಿ ತಗ್ಗಿಸಲಿಲ್ಲ.

"ಸ್ವಾಮಿಗಳೇ, ನೀವು ಸಾಧುಗಳು, ನಿಮಗೆ ಗೊತ್ತಾಗಲ್ಲ. ಇವರಿಗೆಲ್ಲ ಮನೆ ಇರ್ತವೆ. ಒಂದಲ್ಲ, ಮೂರ್‌ಮೂರು. ಬಾಡಿಗೆಗೆ ಬಿಟ್ಟಿರ್ತಾರೆ. ಪೇಪರಲ್ಲೇ ಬಂದಿತ್ತು."

ದ್ಯಾವಮ್ಮನ ಮುಖ ಅರಳಿತು. "ಎಲ್ಲವೆ ಸಾಮಿ ಆ ಮನೆಗಳು? ಒಂದ್ರಲ್ಲಿ ಒಸಿ ಕುಂತಿದ್ದು ಬತ್ತೀನಿ."

ನಿವೃತ್ತರು ಅವಳ ಕಡೆ ತಿರುಗಲಿಲ್ಲ. "ನೋಡಿದ್ರಾ ಬಾಯಿ? ನಾನು ಯಾರಿಗೂ ಒಂದು ಪೈಸೆ ಕೊಡಲ್ಲ. ಕೊಟ್ಟರೆ ಅವರನ್ನ ಹಾಳು ಮಾಡಿದ ಹಾಗೆ."

"ಇವರು ಯಾರನ್ನೂ ಹಾಳು ಮಾಡಿಲ್ಲ," ಎಂದಳು ದ್ಯಾವಮ್ಮ ಶಂಭುಲಿಂಗನಿಗೆ. "ಒಳ್ಳೇವ್ರು."

"ಸ್ವಾಮಿಗಳು ಮಾತ್ರ ಒಳಗೆ ಬರಬಹುದು," ಎಂದ ಗೇಟಿನವನು. "ಅಜ್ಜಿ, ನೀನು ಮುಂದೆ ಹೋಗು. ಬಸ್‌ಸ್ಟ್ಯಾಂಡಲ್ಲಿ ಬೆಂಚ್ ಹಾಕಿದಾರೆ."

ಬಸ್‌ಸ್ಟ್ಯಾಂಡಿನಲ್ಲಿ ಬೆಂಚ್ ಹಾಕಿದ್ದರು. ಯಾರೂ ಮಲಗಬಾರದೆಂದು ಪ್ರತಿಯೊಂದಕ್ಕೂ ನಡುನಡುವೆ ಕಬ್ಬಿಣದ ಕೈಗಳನ್ನು ಕೂಡಿಸಿದ್ದರು. ಅದರಿಂದ ಕೂರುವುದೂ ಕಷ್ಟವಾಗಿತ್ತು; ಮಲಗುವ ಅಪಾಯವಂತೂ ಸಂಪೂರ್ಣ ತಪ್ಪಿತ್ತು.

ದ್ಯಾವಮ್ಮ ಒಂದು ಬೆಂಚಿನ ಮುಂದೆ ನಿಂತು, ಹಿಂದಕ್ಕೆ ಕೈ ಚಾಚಿ, ಇನ್ನೇನು ಕೂರಬೇಕು. ಶಂಭುಲಿಂಗನೂ ಮೊಣಕಾಲು ಬಗ್ಗಿಸಿದ.

"ಎಲ್ಲಿಗಜ್ಜಿ?" ಕಾವಲಿನವನು ಲಾಠಿಯಿಂದ ಬೆಂಚು ತಟ್ಟಿದ.

"ಎಲ್ಲಿಗೂ ಇಲ್ಲ ಕಣಪ್ಪ."

"ಎಲ್ಲಿಗೂ ಹೋಗದೋರು ಇಲ್ಲಿ ಕೂರೋ ಹಾಗಿಲ್ಲ."

"ಎಲ್ಲಾದ್ರೂ ಹೋಗೋರು ಯಾಕಪ್ಪ ಕುಂತ್ಕತಾರೆ?"

ಕಾವಲಿನವನು ನಕ್ಕುಬಿಟ್ಟ. ಕೆಟ್ಟವನಲ್ಲ. ಆದರೂ ಬೆಂಚಿನ ಮೇಲಿಂದ ಲಾಠಿ ತೆಗೆಯಲಿಲ್ಲ. "ನನ್ ಕೆಲಸ ಹೋಗ್ತದಜ್ಜಿ. ಒಂದ್ ಮಾತ್ ಹೇಳ್ತೀನಿ ಕೇಳು. ಇದೇ ರಸ್ತೇಲಿ ಮುಂದೆ ಹೋಗು. ಹೊಳೆ ಹತ್ರ ಒಂದು ಆಶ್ರಮ ಇದೆ. ಹೊರಗಡೆ ಕಲ್ಲಿನ ಕಟ್ಟೆ ಇದೆ. ಅಲ್ಲಿ ಯಾರನ್ನೂ ಬೇಡ ಅನ್ನಲ್ವಂತೆ."

ದ್ಯಾವಮ್ಮ ಶಂಭುಲಿಂಗನ ಮುಖ ನೋಡಿದಳು.

ಶಂಭುಲಿಂಗ ಬಸ್ಸಿನ ಬೋರ್ಡು ಓದುತ್ತಿದ್ದ.

ದಾರಿಯಲ್ಲಿ ಅವನು ಎರಡು ಸಲ ಎಡವಿದ. ಒಂದು ಮರದ ಕೆಳಗೆ ದ್ಯಾವಮ್ಮ ಹೇಳಿದಳು: "ಸಾಮಿ, ನಿನ್ ಕೈಲಿ ಆಗಲ್ಲ. ಇಲ್ಲೇ ಕೂತ್ಕೊ. ನಿಮ್ ಗುರುಗಳಿಗೆ ನಾನು ಹೇಳಾಕಿಲ್ಲ."

"ಇಲ್ಲ. ಗುರುಗಳ ಅಪ್ಪಣೆ ಮೀರಲಾರೆ."

"ನಿಂಗೆ ಬೆಳಿಗ್ಗೆಯಿಂದ ಎಷ್ಟ್ ಕುರ್ಚಿ ಕೊಟ್ರು! ಒಂದಾದ್ರೂ ಹೊತ್ಕಂಡ್ ಬರಬಾರ್ದಾಗಿತ್ತಾ?"

ಶಂಭುಲಿಂಗನಿಗೆ ನಗು ಬರಲಿಲ್ಲ. ಅವನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ಹೊತ್ತು ಇಳಿಯುವಾಗ ಆಶ್ರಮ ಕಾಣಿಸಿತು. ಕಟ್ಟೆಯ ಒಂದು ತುದಿಯಲ್ಲಿ ಗುರುಗಳು ಕೂತಿದ್ದರು. ಪಕ್ಕದಲ್ಲಿ ಮುಚ್ಚಿದ ಎರಡು ತಟ್ಟೆ, ಒಂದು ತಂಬಿಗೆ ನೀರು.

"ಬಂದೆಯಾ?" ಎಂದರು. "ಜವಳಿ ಅಂಗಡಿಯಿಂದಲೇ ವಾಪಸ್ ಕರೆದುಕೊಂಡು ಬರುತ್ತೀಯ ಅಂದುಕೊಂಡಿದ್ದೆ. ಅನ್ನ ಆರಿಹೋಗಿದೆ."

ತಟ್ಟೆಗಳನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಜಾಗ ಮಾಡಿದರು.

ಶಂಭುಲಿಂಗ ಆ ಜಾಗದಲ್ಲಿ ಕುಸಿದು ಕೂತ. ಕಲ್ಲು ತಣ್ಣಗಿತ್ತು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು, ಕಾಲುಗಳು ತಾವಾಗಿಯೇ ಮಡಿಚಿಕೊಂಡವು. ಎಷ್ಟಾದರೂ ವರ್ಷಗಳ ಸಾಧನೆ.

ದ್ಯಾವಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹೇಳು," ಎಂದರು ಗುರುಗಳು. "ಮುಂದೆ ಎಲ್ಲಿದೆ?"

"ಎಲ್ಲೂ ಇಲ್ಲ ಗುರುಗಳೇ! ಒಬ್ಬೊಬ್ಬರಿಗೂ ಅವರವರ ಕಂಬದಿಂದ ಆಚೆ ಇದೆ, ಅಷ್ಟೇ. ಅಂಗಡಿಯವರು ಮನೆಯವರ ಕಡೆ ತಳ್ಳುತ್ತಾರೆ, ಮನೆಯವರು ಬೇರೆ ಮನೆಯವರ ಕಡೆ. ದೇವರ ಗೋಡೆಗೂ ಕುಂಡ ಇಟ್ಟಿದ್ದಾರೆ!"

"ಹೌದೇ?"

"ಸತ್ತವರಿಗೆ ಬೆಂಚು ಇದೆ. ಬಸ್ಸಿಗೆ ಹೋಗುವವರಿಗೆ ಬೆಂಚು ಇದೆ. ಈಕೆಗಿಲ್ಲ."

ದ್ಯಾವಮ್ಮ ಭಾರವನ್ನು ಎಡಗಾಲಿಗೆ ಬದಲಾಯಿಸಿದಳು.

"ಇನ್ನೊಂದು ವಿಷಯ," ಎಂದ ಶಂಭುಲಿಂಗ, ಗುರುತು ಇಟ್ಟುಕೊಂಡದ್ದು ನೆನಪಾಗಿ. "ಹೇಳಬಾರದು, ಆದರೂ ಹೇಳುತ್ತೇನೆ. ಈಕೆಯೂ ಒಬ್ಬ ಕುಂಟನಿಗೆ ಮುಂದೆ ಹೋಗು ಅಂದಳು."

"ಎಲ್ಲಿಂದ?"

"ಎರಡು ಹೂಕುಂಡದ ಸಂದಿನಿಂದ."

"ಅವನು ಕಳ್ಳ ಸಾಮಿ," ಎಂದಳು ದ್ಯಾವಮ್ಮ ನಿಂತಲ್ಲಿಂದಲೇ. "ಹೋದ ವಾರ ನನ್ ಚಪ್ಪಲಿ ಎತ್ಕಂಡಿದ್ದ."

"ಆಕೆಯ ಆಸ್ತಿಯನ್ನೂ ನೋಡಿ ಬಂದ ಹಾಗಾಯಿತು," ಎಂದರು ಗುರುಗಳು. "ಆಮೇಲೆ?"

ಶಂಭುಲಿಂಗನ ಕಣ್ಣು ತುಂಬಿ ಬಂತು. ಅದು ನಿಜವಾದ ನೀರು.

"ನನಗೆ ನಾಚಿಕೆಯಾಗುತ್ತಿದೆ ಗುರುಗಳೇ. ಎಂಥ ನಗರ ಇದು! ಬೆಳಿಗ್ಗೆಯಿಂದ ಸಂಜೆಯವರೆಗೆ ಸುತ್ತಿದೆವು. ಇಷ್ಟು ಜನ, ಇಷ್ಟು ಕಲ್ಲು, ಇಷ್ಟು ನೆರಳು. ಈ ಮುದುಕಿಗೆ ಕೂರಲು ಒಬ್ಬರು, ಒಬ್ಬರಾದರೂ, ಒಂದು ಗೇಣು ಜಾಗ ಕೊಡಲಿಲ್ಲ!"

ಅವನ ದನಿಗೆ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಕೈ ಮುಗಿದರು.

ಗುರುಗಳು ಬಾಗಿಲ ಕಡೆ ನೋಡಿದರು. ಆಮೇಲೆ ಒಂದು ತಟ್ಟೆಯ ಮುಚ್ಚಳ ತೆಗೆದರು.

"ಶಂಭು," ಎಂದರು. "ಸ್ವಲ್ಪ ಜರುಗು."