ಸಾಕ್ಷಿಗೆ ಬಿಟ್ಟ ಬದು

ಸ್ವಲ್ಪ ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ. ಇದು ಮಠದ ಒಳಗೆ ಆಡಿದ ಮಾತು. ನಾನು ಕಂಬದ ಈಚೆ ದೀಪದ ಬತ್ತಿ ಹೊಸೆಯುತ್ತ ಕೂತಿದ್ದೆ, ಕಿವಿಗೆ ಬಿತ್ತು. ಯಾರ ಮುಂದೆಯೂ ಆಡಬೇಡಿ. ಆಡಿದರೂ ನನ್ನ ಹೆಸರು ಬರಕೂಡದು.

ಶಿಷ್ಯೆ ನೀಲಗಂಗವ್ವ ಗುರುಗಳನ್ನು ಕೇಳಿದಳು: “ಅಜ್ಜಾರೇ, ಒಬ್ಬರು ತಪ್ಪು ಮಾಡುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ ಹೆಚ್ಚುತ್ತಲೇ ಇದೆ. ಆಗಲೂ ಬಾಯಿ ಮುಚ್ಚಿಕೊಂಡು ಇರಬೇಕೇ?”

“ಯಾರ ತಪ್ಪು?” ಎಂದರು ಗುರುಗಳು.

“ನನ್ನ ಮೈದುನನ ಹೆಂಡತಿಯದು. ತುಪ್ಪ ಕದಿಯುತ್ತಾಳೆ. ಕೈ ಹಾಕಿದ ಗುರುತು ಮೂಡಲಿ ಅಂತ ಗಡಿಗೆಯ ಮುಚ್ಚಳ ತೆಗೆದೇ ಇಟ್ಟಿದ್ದೇನೆ. ದಿನದಿನಕ್ಕೂ ತುಪ್ಪ ಇಳಿಯುತ್ತಿದೆ. ಇವತ್ತು ಸಂಜೆ ಅವಳ ತವರಿನವರು ಬರುತ್ತಾರೆ. ಗಡಿಗೆಯನ್ನು ಅವರ ಎದುರಿಗೇ ಇಡುತ್ತೇನೆ.”

ನನಗೆ ಆ ತುಪ್ಪದ ಸುದ್ದಿ ಪೂರ್ತಿ ಬೇಕಿತ್ತು. ಗುರುಗಳು ಅದರ ಬಗ್ಗೆ ಏನೂ ಕೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತನ ಹೆಂಡತಿ ಇದ್ದಳು. ಅವಳ ಹೊಲಕ್ಕೆ ಹೊಂದಿಕೊಂಡು ಒಬ್ಬ ವಿಧವೆಯ ಹೊಲವಿತ್ತು. ಎರಡರ ನಡುವೆ ಗಡಿಗಲ್ಲು ಇರಲಿಲ್ಲ. ಕವಳಿ ಗಿಡಗಳ ಒಂದು ಸಾಲು ಇತ್ತು. ಕವಳಿ ಯಾರೂ ನೆಟ್ಟು ಬೆಳೆಸುವ ಗಿಡವಲ್ಲ. ಕಲ್ಲು ನೆಲದಲ್ಲಿ, ನೇಗಿಲು ಹಾಯದ ಜಾಗದಲ್ಲಿ ತಾನಾಗಿ ಬರುತ್ತದೆ. ಮುಳ್ಳಿಗೆ ಹೆದರಿ ಆಡು ಕೂಡ ಬಾಯಿ ಹಾಕುವುದಿಲ್ಲ. ಕವಳಿ ನಿಂತಲ್ಲಿ ಗಡಿ ಎಂಬುದು ಆ ಸೀಮೆಯ ಕಟ್ಟಳೆ. ಹಣ್ಣು ದಾರಿಯಲ್ಲಿ ಹೋಗುವವರದು. ಬುಡದಿಂದ ಮರಿ ಒಡೆದು ಬಂದರೆ ಅವರವರ ಕಡೆಯದನ್ನು ಅವರವರು ಅಗೆದು ತೆಗೆಯಬಹುದು. ಆದರೆ ಬೆಳೆದ ಗಿಡವನ್ನು ಕಿತ್ತು ಇನ್ನೊಂದು ಕಡೆ ನೆಟ್ಟು ಗಡಿ ಸರಿಸಿದವರಿಗೆ ಆ ಸೀಮೆಯಲ್ಲಿ ಹೊಲವಿಲ್ಲ.

ಒಂದು ಮುಂಗಾರಿನಲ್ಲಿ ರೈತನ ಹೆಂಡತಿಯ ಕಣ್ಣಿಗೆ ಒಂದು ಗಿಡ ಬಿತ್ತು. ಅದು ಸಾಲು ಬಿಟ್ಟು ತನ್ನ ಹೊಲದ ಒಳಗೆ ನಿಂತಿತ್ತು. ತಾವು ಮದುವೆಗೆಂದು ಊರು ಬಿಟ್ಟಿದ್ದಾಗ ವಿಧವೆ ತಂದು ನೆಟ್ಟಿದ್ದಾಳೆ ಎಂದು ಅವಳು ತೀರ್ಮಾನಿಸಿದಳು. ಗಂಡ ಗುದ್ದಲಿ ಎತ್ತಿದ. ಅವಳು ಗುದ್ದಲಿಯ ಕಾವು ಹಿಡಿದು ತಡೆದಳು.

“ಮುಟ್ಟಬೇಡಿ. ಸಾಕ್ಷಿ ಇದ್ದ ಹಾಗೇ ಇರಲಿ.”

“ಮರಿ ಗಿಡ ಇದು. ಒಂದು ಏಟಿನ ಕೆಲಸ.”

“ನಿಮಗೆ ತಿಳಿಯುವುದಿಲ್ಲ. ನೇಗಿಲನ್ನೂ ಈ ಕಡೆ ತರಬೇಡಿ.”

ರೈತ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋದ. ಮನೆಯಲ್ಲಿ ಅವನಿಗೆ ಊಟ ಸಿಗಬೇಕಲ್ಲ.

ಬದುವಿನ ಪಕ್ಕದಲ್ಲಿ ಸೌದೆಗೆ ಹೋಗುವವರ ದಾರಿ ಇತ್ತು. ರೈತನ ಹೆಂಡತಿ ಅಲ್ಲಿ ಒಂದು ಚಪ್ಪಟೆ ಕಲ್ಲು ನೋಡಿಕೊಂಡು ಕೂರತೊಡಗಿದಳು. ಹೋಗುವವರನ್ನು ಕರೆಯುತ್ತಿದ್ದಳು. “ಹತ್ತಿರ ಬಾ. ಯಾರ ಮುಂದೆಯೂ ಆಡಬೇಡ, ನನ್ನ ಹೆಸರು ಬರಕೂಡದು. ಆ ಗಿಡ ನೋಡಿದೆಯಾ? ಎದುರಿಗೆ ಸಿಕ್ಕರೆ ಅಕ್ಕ ಅಕ್ಕ ಎನ್ನುತ್ತಾಳೆ. ನಾವು ಬೆನ್ನು ತಿರುಗಿಸಿದರೆ ಇದು ಅವಳ ಕೆಲಸ.” ಕೇಳಿದವರು ತಿರುಗಿ ನೋಡುತ್ತಿದ್ದರು. ಗಿಡ ಇತ್ತು. ಗಿಡ ಇದ್ದ ಮೇಲೆ ಮಾತೂ ನಿಜ.

ಮರುವರ್ಷ ಇನ್ನೂ ಕೆಲವು ಗಿಡ ಈಚೆ ಬಂದವು. ಅವನ್ನೂ ಅವಳು ಮುಟ್ಟಗೊಡಲಿಲ್ಲ. ಅತ್ತ ಸಾಲಿನ ಹಳೆಯ ಗಿಡಗಳು ಮುದಿಯಾಗಿ ಒಣಗುತ್ತ ಬಂದವು. ಕೆಲವು ಮುಂಗಾರು ಕಳೆಯುವಷ್ಟರಲ್ಲಿ ಸಾಲಿಗೆ ಸಾಲೇ ಅವಳ ಹೊಲದಲ್ಲಿ ನಿಂತಿತ್ತು. ಹೊಲ ಹೋದ ದುಃಖಕ್ಕಿಂತ ತಾನು ಆಡಿದ್ದು ನಿಜವಾಯಿತು ಎಂಬ ಸುಖ ಅವಳಿಗೆ ದೊಡ್ಡದಾಗಿತ್ತು.

ಆ ಸುಖ ಎಂಥದು ಎಂದು ಗುರುಗಳಿಗೆ ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ.

ವಿಧವೆಯ ಮನೆಗೆ ಹೆಪ್ಪು ಕೇಳಲು ಬರುವವರು ನಿಂತರು. ಅವಳ ಮಗಳಿಗೆ ಒಂದು ಸಂಬಂಧ ಗೊತ್ತಾಗಿತ್ತು. ಗಂಡಿನ ಕಡೆಯವರು ಅದನ್ನು ಮುರಿದುಕೊಂಡರು. ಯಾಕೆ ಎಂದು ವಿಧವೆ ಮನೆಮನೆಗೆ ಹೋಗಿ ಕೇಳಿದಳು. ಒಬ್ಬರೂ ಬಾಯಿ ಬಿಡಲಿಲ್ಲ. ಯಾರ ಮುಂದೆಯೂ ಆಡುವುದಿಲ್ಲ ಎಂದು ಎಲ್ಲರೂ ಮಾತು ಕೊಟ್ಟಿದ್ದರು. ಆ ಮಾತನ್ನು ಅವಳೊಬ್ಬಳ ಎದುರಿಗೆ ಉಳಿಸಿಕೊಂಡರು.

ಕೊನೆಗೆ ಊರಿನ ಹಿರಿಯರೇ ಬದುವಿಗೆ ಬಂದರು. ವಿಧವೆಯನ್ನೂ ಮಗಳನ್ನೂ ಕರೆಸಿದರು. ಆಪಾದನೆ ಏನೆಂದು ಅವಳಿಗೆ ತಿಳಿದದ್ದು ಅಂದೇ. ಅದು ನಿಜವಾದರೆ ತಾಯಿ ಮಗಳು ಹೊಲ ಬಿಟ್ಟು ಹೋಗಬೇಕು.

“ನೋಡಿ ಯಜಮಾನರೇ,” ಎಂದಳು ರೈತನ ಹೆಂಡತಿ. “ಇಷ್ಟು ವರ್ಷದ ಸಾಕ್ಷಿ. ಒಂದು ಎಲೆಯನ್ನೂ ನಾನು ಅಲುಗಿಸಿಲ್ಲ. ನಮ್ಮವರ ಗುದ್ದಲಿಯನ್ನೂ ತಡೆದಿದ್ದೇನೆ.”

ಹಿರಿಯರು ವಿಧವೆಯ ಕಡೆ ನೋಡಿದರು.

“ಅಗೆದು ನೋಡಿ,” ಎಂದಳು ಅವಳು. “ಕಿತ್ತು ತಂದು ನೆಟ್ಟದ್ದಾದರೆ ಬೇರು ಕಡಿದಿರಬೇಕು.”

ಅಗೆದರು. ಒಣಗಿದ ಹಳೆಯ ಗಿಡದ ಬುಡದಿಂದ ಬೇರು ಹೊರಟಿತ್ತು. ಕಲ್ಲುಗಳ ಅಡಿಯಲ್ಲಿ ಹಾದು ಮೊದಲ ಗಿಡಕ್ಕೆ, ಅಲ್ಲಿಂದ ಮುಂದಿನದಕ್ಕೆ, ಅಲ್ಲಿಂದ ಕಡೆಯದಕ್ಕೆ ಹೋಗಿತ್ತು. ಎಲ್ಲಿಯೂ ಕಡಿದಿರಲಿಲ್ಲ. ಯಾರೂ ಏನನ್ನೂ ನೆಟ್ಟಿರಲಿಲ್ಲ.

ಹಿರಿಯರು ಕೈಯ ಮಣ್ಣು ಕೊಡವಿಕೊಂಡರು. “ಗಿಡ ತಾನಾಗಿ ನಡೆದು ಬಂದಿದೆ. ಕವಳಿ ನಿಂತಲ್ಲಿ ಗಡಿ. ಇನ್ನು ಗಡಿ ಇಲ್ಲಿ,” ಎಂದರು. ರೈತ ಹೆಂಡತಿಯನ್ನು ಒಮ್ಮೆ ನೋಡಿದ.

ಅವಳು ಬಿಡಲಿಲ್ಲ. ವಿಧವೆಯ ಮುಂದೆ ಹೋಗಿ ನಿಂತಳು. “ನಡೆಯುವ ಗಿಡಕ್ಕೆ ಎರಡು ಕಡೆ ಇದ್ದವಲ್ಲ. ನಿನ್ನ ಕಡೆ ಒಂದು ಹೆಜ್ಜೆಯೂ ಇಡದೆ ನನ್ನ ಕಡೆಗೇ ಯಾಕೆ ಬಂತು? ಹೇಳು.”

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ನೀಲಗಂಗವ್ವ ತಲೆ ತಗ್ಗಿಸಿ ಕೂತಿದ್ದಳು. ವಿಧವೆ ಏನೆಂದಳು ಎಂದು ಅವಳು ಕೇಳಲಿಲ್ಲ. ಎದ್ದು ಮನೆಯ ಕಡೆ ಹೊರಟಳು. ತುಪ್ಪದ ಮಾತು ಮತ್ತೆ ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. ಬತ್ತಿಯನ್ನು ಕೆಳಗಿಟ್ಟು ಕಂಬದ ಆಚೆ ಇಣುಕಿದೆ. “ಆಮೇಲೆ ಆ ವಿಧವೆ ಏನಂದಳು, ಅಜ್ಜಾರೇ?”

ಗುರುಗಳು ನನ್ನ ಕಡೆ ತಿರುಗಿದರು. ವಿಧವೆ ರೈತನ ಹೆಂಡತಿಯ ಮುಖಕ್ಕೆ ಹೇಳಿದ್ದನ್ನು ನನ್ನ ಮುಖಕ್ಕೆ ಹೇಳಿದರು.

“ನನ್ನ ಕಡೆ ನಾನು ಮರಿ ಅಗೆಯುತ್ತಿದ್ದೆ, ಅಕ್ಕ. ನಿಮ್ಮ ಕಡೆ ನೀವು ನನ್ನ ಸುದ್ದಿ ಹೇಳುತ್ತ ಕೂತಿದ್ದಿರಿ.”