ನೇರ ರಸ್ತೆಯ ಗುದ್ದಲಿ ಪೂಜೆ

ಘಟ್ಟದಲ್ಲಿ ರಸ್ತೆ ಕಡಿಯುತ್ತಿದ್ದ ಮೇಸ್ತ್ರಿ ಹುಲಗಪ್ಪನಿಗೆ ಬಂಡೆಗಿಂತ ಗಟ್ಟಿಯಾಗಿ ಕಂಡದ್ದು ರಸ್ತೆ ಸಮಿತಿಯ ಅಧ್ಯಕ್ಷರ ತಲೆ. ಅಧ್ಯಕ್ಷರಿಗೆ ತಿರುವು ಬಂದರೆ ವಾಂತಿ. ಅವತ್ತೂ ಕಾರಿನಿಂದ ಇಳಿದವರೇ ಬಾಯಿ ಒರೆಸಿಕೊಂಡು ಗುಡುಗಿದರು: "ಇದೇನಯ್ಯಾ, ಹಾವು ಹರಿದ ಹಾಗೆ? ಅಗೆದದ್ದೆಲ್ಲ ಮುಚ್ಚು. ತುದಿಯಿಂದ ಬುಡಕ್ಕೆ ನೇರ ರಸ್ತೆ ಬೇಕು. ಇಲ್ಲದಿದ್ರೆ ನಾಳೆಯಿಂದ ನಿನ್ನ ಗ್ಯಾಂಗೇ ಬೇಡ!"

ಇಡೀ ಬೇಸಿಗೆಯ ದುಡಿಮೆ ಮಣ್ಣುಪಾಲಾಯಿತಲ್ಲ ಅಂತ ಹುಲಗಪ್ಪನಿಗೆ ಮೈಯೆಲ್ಲ ಉರಿಯಿತು. ಈ ಘಟ್ಟದಲ್ಲಿ ನೇರ ರಸ್ತೆ ಆಗದು ಅಂತ ಇಂಜಿನಿಯರು ಆಗಲೇ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಇವನು ವಾದಕ್ಕೇ ಇಳಿಯಲಿಲ್ಲ. ಕೈಮುಗಿದು, "ಆಗ್ಲಿ ಸಾಹೇಬ್ರ. ಹೊಸ ರಸ್ತೆ ಅಂದಮ್ಯಾಲ ಗುದ್ದಲಿ ಪೂಜಿ ಆಗ್ಬೇಕಲ್ರಿ. ಮೊದಲ್ನೇ ಏಟು ನಿಮ್ದ," ಅಂದ.

ಗುದ್ದಲಿ ಪೂಜೆ ಅಂದರೆ ಅಧ್ಯಕ್ಷರಿಗೆ ಪ್ರಾಣ. ಮರುದಿನ ಬೆಳಿಗ್ಗೆಯೇ ಹಾರ ಬಂತು, ಫೋಟೋದವನು ಬಂದ. ಗುದ್ದಲಿಗೆ ಅರಿಶಿನ ಕುಂಕುಮ ಬಿತ್ತು. ಅಧ್ಯಕ್ಷರು ಅಂಗಿಯ ತೋಳು ಮಡಚಿ, "ಜಾಗ ಎಲ್ಲಯ್ಯಾ?" ಎಂದರು.

ಹುಲಗಪ್ಪ ಅವರನ್ನು ಅಂಚಿಗೆ ಕರೆದೊಯ್ದು ಕೆಳಗೆ ತೋರಿಸಿದ. ಗೋಡೆಯಂಥ ಬಂಡೆ, ಅದರ ನಟ್ಟನಡುವೆ ಸುಣ್ಣದ ಗುರುತು. "ನಿಮ್ಮ ನೇರ ರಸ್ತೆ ಅಲ್ಲೇ ಹಾಯ್ತದ್ರಿ. ಏಟೂ ಅಲ್ಲೇ ಬೀಳ್ಬೇಕು," ಅನ್ನುತ್ತ ಅವರ ಸೊಂಟಕ್ಕೆ ಹಗ್ಗ ಬಿಗಿಯತೊಡಗಿದ.

ಅಧ್ಯಕ್ಷರು ಬಗ್ಗಿ ನೋಡಿದರು. ಹಾರದಿಂದ ಒಂದು ಹೂವು ಉದುರಿತು. ಅದು ನೆಲ ಮುಟ್ಟಿದ್ದು ಕಾಣಲೇ ಇಲ್ಲ.

"ಬಿಡಯ್ಯಾ... ತಿರುವೇ ಇರಲಿ."

"ಮತ್ತ ಪೂಜಿ ಕಾಯಿ ಏನ್ ಮಾಡ್ಲಿ ಸಾಹೇಬ್ರ?"

"ತಿರುವಿನಲ್ಲೇ ಒಡಿ! ಇನ್ನೊಂದೆರಡು ತಿರುವು ಜಾಸ್ತಿಯಾದ್ರೂ ಪರವಾಗಿಲ್ಲ, ಮೊದಲು ಹಗ್ಗ ಬಿಚ್ಚು!"